ದಿಬ್ಬ ಅಗೆದ ಸೇನಾಪತಿ

ಪ್ರಶ್ನೆ: ನಮ್ಮ ಕಡೆ ಮನೆಗೊಬ್ಬರಾದರೂ ಸೈನ್ಯದಲ್ಲಿ ಇದ್ದು ಬಂದವರು. ನಿವೃತ್ತಿಯ ಮೇಲೆ ಕೆಲವರು ತೋಟ ನೋಡಿಕೊಳ್ಳುತ್ತಾರೆ, ಕೆಲವರು ಟಿ.ವಿ. ಚರ್ಚೆಗಳಲ್ಲಿ ಕಾಣುತ್ತಾರೆ, ಒಬ್ಬಿಬ್ಬರು ಚುನಾವಣೆಗೂ ನಿಂತದ್ದುಂಟು. ಆದರೆ ರಣತಂತ್ರ, ವಿದ್ವತ್ತು, ರಾಜಕೀಯ ಈ ಮೂರರಲ್ಲೂ ದೊಡ್ಡ ಹೆಸರು ಮಾಡಿದ ಸೇನಾಧಿಕಾರಿ ಪ್ರಪಂಚದಲ್ಲಿ ಯಾರಾದರೂ ಇದ್ದಾರೆಯೇ? ಸೈನ್ಯದಲ್ಲಿ ಕಲಿತದ್ದು ಉಳಿದ ಕಡೆ ಉಪಯೋಗಕ್ಕೆ ಬರುತ್ತದೆಯೇ?
— ಓದುಗರೊಬ್ಬರು, ಮಡಿಕೇರಿ

ಉತ್ತರ: ಮೂರರಲ್ಲೂ ಹೆಸರು ಮಾಡಿದವರೊಬ್ಬರು ಇದ್ದಾರೆ. ಮೂರರಲ್ಲೂ ಗೆದ್ದವರು ಯಾರು ಎಂದು ಕೇಳಿದ್ದರೆ ಮಾತ್ರ ನಾನು ತಲೆ ಕೆರೆದುಕೊಳ್ಳಬೇಕಾಗುತ್ತಿತ್ತು. ಇಸ್ರೇಲಿನ ಯಿಗಾಯೆಲ್ ಯಾದಿನ್ 32ನೇ ವಯಸ್ಸಿಗೆ ಸೇನಾ ಮುಖ್ಯಸ್ಥರಾದರು, 39ಕ್ಕೆ ಪಾಂಡಿತ್ಯಕ್ಕಾಗಿ ಇಸ್ರೇಲ್ ಪ್ರಶಸ್ತಿ ಪಡೆದರು, 60ಕ್ಕೆ ಉಪಪ್ರಧಾನಿಯಾದರು. 64ಕ್ಕೆ ಅವರು ಕಟ್ಟಿದ ಪಕ್ಷವೇ ಇರಲಿಲ್ಲ.

ನೀವು ನಮ್ಮ ಜಸ್ವಂತ್ ಸಿಂಗ್ ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿರಬಹುದು. ಅವರು ವಿದೇಶಾಂಗ, ಹಣಕಾಸು, ರಕ್ಷಣೆ ಮೂರೂ ಖಾತೆಗಳನ್ನು ನೋಡಿಕೊಂಡವರು. 2009ರಲ್ಲಿ ಜಿನ್ನಾ ಬಗ್ಗೆ ಪುಸ್ತಕ ಬರೆದು ಪಕ್ಷದಿಂದ ಹೊರಬಿದ್ದವರು. ಆದರೆ ಸೈನ್ಯ ಬಿಟ್ಟಾಗ ಅವರು ಮೇಜರ್. ನಿಮ್ಮದೇ ಊರಿನ ಹೆಮ್ಮೆಯ ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು 1971ರಲ್ಲಿ ಮುಂಬೈ ಈಶಾನ್ಯ ಕ್ಷೇತ್ರದಿಂದ ಲೋಕಸಭೆಗೆ ನಿಂತು ಸೋತರು. ದೇಶವೇ ಎದ್ದು ನಿಂತು ಗೌರವಿಸುವ ದಂಡನಾಯಕನಿಗೆ ಮತ ಹಾಕುವಾಗ ಜನ ಬೇರೆಯೇ ಲೆಕ್ಕ ಹಾಕುತ್ತಾರೆ. ಯಾದಿನ್ ಕಥೆಯಲ್ಲಿ ಆ ಲೆಕ್ಕ ಇನ್ನೂ ಸಿಕ್ಕುಸಿಕ್ಕಾಗಿದೆ. ಅದಕ್ಕೇ ಅವರನ್ನು ಆರಿಸಿಕೊಂಡೆ.

ಅವರು ಹುಟ್ಟಿದ್ದು 1917ರಲ್ಲಿ, ಜೆರುಸಲೇಮಿನಲ್ಲಿ. ಆ ವರ್ಷದ ಕೊನೆಗೆ ಊರು ತುರ್ಕರ ಕೈತಪ್ಪಿ ಬ್ರಿಟಿಷರ ಕೈಸೇರಿತು. ಮರುವರ್ಷ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಸವಾರರು ಜೋಧಪುರದವರ ಜೊತೆಗೂಡಿ ಹೈಫಾ ಹಿಡಿದರು, ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಸ್ಮಾರಕ ಆ ಸವಾರರದು. ಆ ದಂಡಯಾತ್ರೆಯನ್ನು ಇತಿಹಾಸಕಾರರು ಮೆಗಿದ್ದೊ ಕದನ ಎಂದು ಕರೆಯುತ್ತಾರೆ. ಮೆಗಿದ್ದೊ ಒಂದು ಹಾಳುದಿಬ್ಬ. ಒಂದರ ಮೇಲೊಂದು ಊರು ಕಟ್ಟಿ, ಸುಟ್ಟು, ಮತ್ತೆ ಕಟ್ಟಿ ಎತ್ತರವಾದ ಜಾಗ. ಮುಂದೆ ಯಾದಿನ್ ಅದನ್ನೂ ಅಗೆಯಲಿದ್ದರು.

ತಂದೆ ಎಲಿಯಾಜರ್ ಸುಕೆನಿಕ್ ಹೀಬ್ರೂ ವಿಶ್ವವಿದ್ಯಾಲಯದ ಪುರಾತತ್ತ್ವ ಪ್ರಾಧ್ಯಾಪಕ. ತಾಯಿ ಆ ನಾಡಿನಲ್ಲಿ ಶಿಶುವಿಹಾರಗಳನ್ನು ಕಟ್ಟಿದವರಲ್ಲಿ ಮೊದಲಿಗರು. ಮಗ ಹದಿಹರೆಯದಲ್ಲೇ ‘ಹಗನಾ’ ಸೇರಿದ. ಬ್ರಿಟಿಷರ ಕಣ್ಣುತಪ್ಪಿಸಿ ನಡೆಯುತ್ತಿದ್ದ ಯಹೂದಿಗಳ ಸಶಸ್ತ್ರ ಪಡೆ ಅದು. ಅಲ್ಲಿ ಎಲ್ಲರಿಗೂ ಗುಪ್ತನಾಮ. ಸುಕೆನಿಕ್ ಮನೆಯ ಹುಡುಗನಿಗೆ ಸಿಕ್ಕ ‘ಯಾದಿನ್’ ಎಂಬ ಹೆಸರೇ ಕೊನೆಗೆ ಖಾಯಂ ಆಯಿತು. 1946ರಲ್ಲಿ ಹಿರಿಯ ಸೇನಾನಿ ಯಿತ್ಜಾಕ್ ಸದೆ ಜೊತೆ ಜಗಳವಾಯಿತು. ಸಣ್ಣ ತುಕಡಿಯೊಂದರ ಆಯುಧಗಳಲ್ಲಿ ಮೆಷಿನ್ ಗನ್ ಇರಬೇಕೇ ಬೇಡವೇ ಎಂಬುದು ಜಗಳದ ವಿಷಯ. ಯಾದಿನ್ ಪಡೆ ಬಿಟ್ಟು ತರಗತಿಗೆ ಹೋಗಿ ಕೂತರು. ಮಾತು ನಡೆಯದಿದ್ದರೆ ಎದ್ದು ಹೋಗುವ ಈ ಗುಣ ಅವರ ಬದುಕಿನುದ್ದಕ್ಕೂ ಕಾಣಿಸುತ್ತದೆ. ಒಂದು ಸಲ ಮಾತ್ರ ಅದು ಕೈಕೊಟ್ಟಿತು. ಅದು ಆಮೇಲಿನ ಮಾತು.

1947ರಲ್ಲಿ, ಮುಂದೆ ಇಸ್ರೇಲಿನ ಮೊದಲ ಪ್ರಧಾನಿಯಾದ ದಾವಿದ್ ಬೆನ್-ಗುರಿಯನ್ ಅವರನ್ನು ವಾಪಸು ಕರೆಸಿ ಕಾರ್ಯಾಚರಣೆ ವಿಭಾಗ ಒಪ್ಪಿಸಿದರು. ಆ ನವೆಂಬರಿನಲ್ಲಿ ತಂದೆ ಮಗನ ಬಳಿ ಒಂದು ಸಲಹೆ ಕೇಳಿದರು. ಮೃತ ಸಮುದ್ರದ ದಂಡೆಯ ಗುಹೆಯೊಂದರಲ್ಲಿ ಸಿಕ್ಕ ಹಳೆಯ ತೊಗಲ ಸುರುಳಿಗಳು ಬೆತ್ಲೆಹೇಮಿನ ವರ್ತಕನ ಕೈಯಲ್ಲಿದ್ದವು. ಪ್ಯಾಲೆಸ್ಟೀನನ್ನು ಎರಡು ಮಾಡುವ ಬಗ್ಗೆ ವಿಶ್ವಸಂಸ್ಥೆಯಲ್ಲಿ ಇಂದೋ ನಾಳೆಯೋ ಮತದಾನ. ಮತ ಬಿದ್ದ ಕೂಡಲೇ ಗಲಭೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಅರಬ್ ಊರಾದ ಬೆತ್ಲೆಹೇಮಿಗೆ ಈಗ ಹೋಗಬಹುದೇ?

ತಾನು ಪಟ್ಟ ಇಕ್ಕಟ್ಟನ್ನು ಯಾದಿನ್ ‘ದಿ ಮೆಸೇಜ್ ಆಫ್ ದಿ ಸ್ಕ್ರೋಲ್ಸ್’ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ಪುರಾತತ್ತ್ವದ ವಿದ್ಯಾರ್ಥಿಯಾಗಿ ಹೋಗಿ ಅನ್ನಬೇಕು, ಪಡೆಯ ಅಧಿಕಾರಿಯಾಗಿ ಬೇಡ ಅನ್ನಬೇಕು, ಮಗನಾಗಿ ಬಾಯಿಯೇ ಬಾರದು. ಸುಕೆನಿಕ್ ಹೋದರು. ನವೆಂಬರ್ 29ರಂದು ಬಸ್ಸು ಹತ್ತಿ ಬೆತ್ಲೆಹೇಮಿಗೆ ಹೋಗಿ ಸುರುಳಿಗಳನ್ನು ಕಂಕುಳಲ್ಲಿಟ್ಟುಕೊಂಡು ಮರಳಿದರು. ಅಂದೇ ರಾತ್ರಿ ಅವುಗಳ ಅಕ್ಷರ ಬಿಡಿಸುತ್ತ ಕೂತಿರುವಾಗ ಪಕ್ಕದ ಕೋಣೆಯಿಂದ ಕಿರಿಯ ಮಗ ಮತ್ತಿ ರೇಡಿಯೊದ ಸುದ್ದಿ ಕೂಗಿ ಹೇಳಿದ: ವಿಭಜನೆಗೆ ಒಪ್ಪಿಗೆ ಸಿಕ್ಕಿದೆ. ವಿಮಾನ ಹಾರಿಸುತ್ತಿದ್ದ ಮತ್ತಿ ಮರುವರ್ಷ ಇಸ್ರೇಲ್ ಹುಟ್ಟಿದಾಗ ಅರಬ್ ದೇಶಗಳ ಜೊತೆ ನಡೆದ ಯುದ್ಧದಲ್ಲಿ ತೀರಿಕೊಂಡ.

ಆ ಯುದ್ಧದಲ್ಲಿ ಸೇನಾ ಮುಖ್ಯಸ್ಥ ಯಾಕೊವ್ ದೋರಿ ಕಾಯಿಲೆ ಬಿದ್ದಿದ್ದರಿಂದ ದಿನದಿನದ ನಡೆಯನ್ನು ನೋಡಿದವರು 31ರ ಹರೆಯದ ಯಾದಿನ್. ಇಲ್ಲಿ ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುವ ಒಂದು ಪ್ರಸಂಗವಿದೆ. 1948ರ ಡಿಸೆಂಬರಿನಲ್ಲಿ ನೆಗೆವ್ ಮರುಭೂಮಿಯಿಂದ ಈಜಿಪ್ಟಿನ ಪಡೆಗಳನ್ನು ಹೊರಗಟ್ಟಬೇಕಿತ್ತು. ಗಡಿಯ ಔಜಾ ಎಂಬ ಠಾಣೆಗೆ ಹೋಗುವ ಡಾಂಬರು ರಸ್ತೆಯನ್ನು ಈಜಿಪ್ಟಿನವರು ಬಿಗಿಯಾಗಿ ಹಿಡಿದಿದ್ದರು. ರಸ್ತೆಯ ಪಕ್ಕಕ್ಕೆ, ಮರಳಿನಡಿ, ರೋಮನರ ಕಾಲದ ಹಾದಿಯೊಂದಿತ್ತು. ಅದು ಯಾದಿನ್‌ಗೆ ಗೊತ್ತಿದ್ದದ್ದು ಸೈನ್ಯದ ನಕಾಶೆಯಿಂದಲ್ಲ, ಪುರಾತತ್ತ್ವದ ಓದಿನಿಂದ. ಎಂಜಿನಿಯರುಗಳು ಹೋಗಿ ನೋಡಿ, ರಾತ್ರಿಯ ಹೊತ್ತು ಅಲ್ಲಲ್ಲಿ ಹಾದಿ ಗಟ್ಟಿ ಮಾಡಿದರು. ವಾಹನಗಳು ಹಳೆಯ ಹಾದಿಯಲ್ಲಿ ಸಾಗಿ, ಯಾರೂ ನಿರೀಕ್ಷಿಸದ ಕಡೆಯಿಂದ ಔಜಾದ ಮೇಲೆರಗಿದವು. ಆ ಕವಚಪಡೆಯ ನಾಯಕ ಮೆಷಿನ್ ಗನ್ ಜಗಳದ ಅದೇ ಸದೆ!

ಅಂದರೆ ಸೈನ್ಯದ ಕಲಿಕೆ ವಿದ್ವತ್ತಿಗೆ ಉಪಯೋಗವಾಗುವ ಮೊದಲೇ ವಿದ್ವತ್ತು ಸೈನ್ಯಕ್ಕೆ ಉಪಯೋಗವಾಗಿತ್ತು. ಈ ಕದನಗಳ ಬಗ್ಗೆ ಯಾದಿನ್ 1949ರಲ್ಲಿ ಬರೆದ ವಿಶ್ಲೇಷಣೆಯನ್ನು ಬ್ರಿಟಿಷ್ ರಣತಂತ್ರಜ್ಞ ಲಿಡೆಲ್ ಹಾರ್ಟ್ ತಮ್ಮ ‘ಸ್ಟ್ರಾಟಜಿ’ ಗ್ರಂಥದ 1954ರ ಆವೃತ್ತಿಗೆ ಅನುಬಂಧವಾಗಿ ಸೇರಿಸಿಕೊಂಡರು. ಎದುರಾಳಿ ಕಾಯುತ್ತಿರುವ ದಾರಿಯಲ್ಲಿ ಹೋಗಬೇಡ, ಅವನ ಬೆನ್ನಿನ ಸಂಪರ್ಕದಾರಿ ಕಡಿ, ಹಿಂದಕ್ಕೆ ಹೋಗುವ ದಾರಿಯನ್ನೂ ಮುಚ್ಚು, ಅವನ ಧೈರ್ಯವನ್ನು ಮೊದಲು ಒಡೆ: ಲಿಡೆಲ್ ಹಾರ್ಟ್ ಜೀವಮಾನವಿಡೀ ಹೇಳಿದ ಸುತ್ತುದಾರಿಯ ತಂತ್ರ ಇದೇ. ಅದನ್ನು ನಿಜವಾದ ಯುದ್ಧವೊಂದರಲ್ಲಿ ನಡೆಸಿ ತೋರಿಸಿದವನು ತಾನೇ ಬರೆದುಕೊಟ್ಟ ಪುಟಗಳು ಅವು.

ಅದೇ ಯುದ್ಧದ ಇನ್ನೊಂದು ಮುಖವನ್ನು ಬಿಟ್ಟು ಯಾದಿನ್ ಬಗ್ಗೆ ಬರೆಯುವುದು ನ್ಯಾಯವಲ್ಲ. 1948ರ ಮಾರ್ಚಿನಲ್ಲಿ ಅವರ ವಿಭಾಗ ತಯಾರಿಸಿದ ‘ದಾಲೆತ್ ಯೋಜನೆ’ಯಲ್ಲಿ, ಹಿಡಿತಕ್ಕೆ ಸಿಗದ ಅರಬ್ ಹಳ್ಳಿಗಳನ್ನು ನೆಲಸಮ ಮಾಡಿ ಅಲ್ಲಿನವರನ್ನು ಗಡಿಯಾಚೆ ಕಳಿಸಲು ಅವಕಾಶವಿತ್ತು. ಆ ಯುದ್ಧ ಮುಗಿಯುವಾಗ ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯನ್ನರು ಮನೆಮಠ ಕಳೆದುಕೊಂಡಿದ್ದರು. ಯೋಜನೆಯೇ ಜನರನ್ನು ಹೊರಹಾಕುವ ನೀಲಿನಕ್ಷೆ ಎಂದು ವಾಲಿದ್ ಖಾಲಿದಿ, ಇಲಾನ್ ಪಾಪೆ ಅಂಥ ಇತಿಹಾಸಕಾರರು ವಾದಿಸುತ್ತಾರೆ. ಅದು ಮಿಲಿಟರಿ ಯೋಜನೆ, ಒಟ್ಟಾರೆ ಹೊರದಬ್ಬುವ ನೀತಿಯಲ್ಲ ಎಂದು ಬೆನ್ನಿ ಮೋರಿಸ್ ಹೇಳುತ್ತಾರೆ. ಹಳ್ಳಿ ಬಿಟ್ಟವರಿಗೆ ಈ ವ್ಯತ್ಯಾಸದಿಂದ ಏನೂ ಸಿಗಲಿಲ್ಲ. ನೆಲದಡಿಯ ಊರುಗಳನ್ನು ಹುಡುಕಲು ಬದುಕು ಸವೆಸಿದ ಮನುಷ್ಯನ ಸಹಿಯ ಕಾಗದಗಳಿಂದ ನೆಲದ ಮೇಲಿನ ಊರುಗಳು ಕಾಣೆಯಾದವು. ಇದನ್ನು ಅವರು ತಮ್ಮ ಬರಹಗಳಲ್ಲಿ ಎಂದೂ ಎದುರುಗೊಂಡಂತೆ ನನಗೆ ಕಾಣುವುದಿಲ್ಲ.

1949ರ ನವೆಂಬರಿನಿಂದ ಮೂರು ವರ್ಷ ಅವರು ಸೇನಾ ಮುಖ್ಯಸ್ಥ. ಸಣ್ಣ ಖಾಯಂ ಸೇನೆ, ಕಡ್ಡಾಯ ಸೇವೆ, ಅದರ ಬೆನ್ನಿಗೆ ಪ್ರತಿವರ್ಷ ಕರೆ ಬಂದರೆ ಓಡಿಬರುವ ಮೀಸಲು ಪಡೆ ಎಂಬ ಏರ್ಪಾಡನ್ನು ಸ್ವಿಟ್ಜರ್ಲೆಂಡಿನ ಮಾದರಿ ನೋಡಿ ಕಟ್ಟಿದರು. ಇಸ್ರೇಲಿನ ಸೈನ್ಯ ಇಂದಿಗೂ ನಿಂತಿರುವುದು ಅದೇ ಏರ್ಪಾಡಿನ ಮೇಲೆ. 1952ರಲ್ಲಿ ಬೆನ್-ಗುರಿಯನ್ ರಕ್ಷಣಾ ಬಜೆಟ್ ಕಡಿತ ಮಾಡಹೊರಟಾಗ ಯಾದಿನ್ ಒಪ್ಪಲಿಲ್ಲ. ಎದ್ದು ಹೋದರು.

ಹೋದದ್ದು ತಂದೆ ತಂದಿಟ್ಟ ಸುರುಳಿಗಳ ಬಳಿಗೆ. ಸುಕೆನಿಕ್ 1953ರಲ್ಲಿ ತೀರಿಕೊಂಡರು. ಬೆಳಕಿನ ಮಕ್ಕಳಿಗೂ ಕತ್ತಲೆಯ ಮಕ್ಕಳಿಗೂ ಕಾಲದ ಕೊನೆಯಲ್ಲಿ ನಡೆಯುವ ಯುದ್ಧವನ್ನು ವರ್ಣಿಸುವ ಸುರುಳಿಯೊಂದು ಅವುಗಳಲ್ಲಿತ್ತು. ಧರ್ಮಶಾಸ್ತ್ರಜ್ಞರು ಅದರಲ್ಲಿ ದೇವರನ್ನೂ ದೇವದೂತರನ್ನೂ ಹುಡುಕಿದರು. ಯಾದಿನ್ ಮಾತ್ರ ಗುರಾಣಿಯ ಅಳತೆ, ಕತ್ತಿಯ ಉದ್ದ, ಸಾಲುಗಳ ನಡುವಿನ ಅಂತರ, ಕಹಳೆಯ ಸನ್ನೆಗಳನ್ನು ನೋಡಿದರು. ಇದು ಕವಿಕಲ್ಪನೆಯಲ್ಲ, ರೋಮನ್ ಪಡೆಗಳ ಕವಾಯತನ್ನು ಕಣ್ಣಾರೆ ಬಲ್ಲ ಯಾರೋ ಬರೆದದ್ದು, ಆದ್ದರಿಂದ ಸುರುಳಿಯ ಕಾಲ ರೋಮನರು ಆ ನಾಡಿಗೆ ಬಂದ ನಂತರದ್ದು ಎಂದು ತೋರಿಸಿಕೊಟ್ಟರು. ಡಾಕ್ಟರೇಟ್ ಬಂತು, 1956ರಲ್ಲಿ ಇಸ್ರೇಲ್ ಪ್ರಶಸ್ತಿ ಬಂತು. ತುಕಡಿ ನಡೆಸಿದ ಅನುಭವವಿಲ್ಲದ ವಿದ್ವಾಂಸನಿಗೆ ಈ ಓದು ಸಾಧ್ಯವಿರಲಿಲ್ಲ. ನಿಮ್ಮ ಎರಡನೆಯ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಈ ನಡುವೆ ಒಂದು ಪತ್ತೇದಾರಿ ಪ್ರಕರಣ. ಅದೇ ಗುಹೆಯ ಇನ್ನು ನಾಲ್ಕು ಸುರುಳಿಗಳು ಜೆರುಸಲೇಮಿನ ಸಿರಿಯನ್ ಆರ್ಥೊಡಾಕ್ಸ್ ಮಠಾಧಿಪತಿ ಮಾರ್ ಅಥನೇಸಿಯಸ್ ಸ್ಯಾಮ್ಯುಯೆಲ್ ಅವರ ಕೈಸೇರಿ ಅಮೆರಿಕಕ್ಕೆ ಹೋಗಿದ್ದವು. (ನಮ್ಮ ನೆರೆಯ ಕೇರಳದಲ್ಲಿ ಸಾವಿರಾರು ಕುಟುಂಬಗಳಿರುವ ಪಂಥವೇ ಇದು.) ಒಡೆತನದ ತಕರಾರಿಗೆ ಹೆದರಿ ಯಾರೂ ಕೊಳ್ಳಲು ಮುಂದೆ ಬಂದಿರಲಿಲ್ಲ. 1954ರ ಜೂನ್ 1ರಂದು ‘ವಾಲ್ ಸ್ಟ್ರೀಟ್ ಜರ್ನಲ್’ನ ಕಿರು ಜಾಹೀರಾತುಗಳ ನಡುವೆ, ಮೃತ ಸಮುದ್ರದ ನಾಲ್ಕು ಸುರುಳಿಗಳು ಮಾರಾಟಕ್ಕಿವೆ ಎಂಬ ಪ್ರಕಟಣೆ ಬಂತು. ಎರಡು ಸಾವಿರ ವರ್ಷ ಹಳೆಯ, ಬೈಬಲಿನ ಯೆಶಾಯನ ಗ್ರಂಥವನ್ನು ಹಳೆ ಸಾಮಾನು ಮಾರುವವರ ಪುಟದಲ್ಲಿ ಇಟ್ಟಿದ್ದರು! ಉಪನ್ಯಾಸಕ್ಕೆಂದು ಅಮೆರಿಕದಲ್ಲೇ ಇದ್ದ ಯಾದಿನ್‌ಗೆ ಪತ್ರಕರ್ತರೊಬ್ಬರು ಅದನ್ನು ತಿಳಿಸಿದರು. ಇಸ್ರೇಲ್ ಕೊಳ್ಳುತ್ತಿದೆ ಎಂದು ತಿಳಿದರೆ ವ್ಯವಹಾರ ಮುರಿಯುತ್ತದೆ. ಯಾದಿನ್ ಮುಖ ತೋರಿಸಲಿಲ್ಲ. ಮಧ್ಯವರ್ತಿಗಳು ಮಾತಾಡಿದರು, ಸುರುಳಿ ಅಸಲಿಯೇ ಎಂದು ಪರೀಕ್ಷಿಸಲು ಹ್ಯಾರಿ ಓರ್ಲಿನ್‌ಸ್ಕಿ ಎಂಬ ವಿದ್ವಾಂಸರು ‘ಮಿಸ್ಟರ್ ಗ್ರೀನ್’ ಎಂಬ ಸುಳ್ಳು ಹೆಸರಿನಲ್ಲಿ ಹೋದರು. ಬೆಲೆ 2,50,000 ಡಾಲರ್. ತಂದೆ ಕೊಂಡ ಮೂರು, ಮಗ ಕೊಂಡ ನಾಲ್ಕು, ಏಳೂ ಸೇರಿ ಈಗ ಜೆರುಸಲೇಮಿನ ಒಂದೇ ಸಂಗ್ರಹಾಲಯದಲ್ಲಿವೆ.

1967ರ ಯುದ್ಧದ ಕಥೆಗೆ ಈ ಚೆಲುವಿಲ್ಲ. ಆಗ ಯಾದಿನ್ ಪ್ರಧಾನಿಯ ಮಿಲಿಟರಿ ಸಲಹೆಗಾರ. ಬೆತ್ಲೆಹೇಮ್ ಇಸ್ರೇಲಿ ಸೈನ್ಯದ ವಶಕ್ಕೆ ಬಂದದ್ದೇ ತಡ, ‘ಕಾಂದೊ’ ಎಂದು ಹೆಸರಾದ ಪುರಾತನ ವಸ್ತುಗಳ ವರ್ತಕನ ಮನೆಗೆ ಅಧಿಕಾರಿಗಳನ್ನು ಕಳಿಸಿದರು. ನೆಲದ ಹಾಸುಬಿಲ್ಲೆಯ ಅಡಿಯಲ್ಲಿ, ಬೂಟಿನ ಪೆಟ್ಟಿಗೆಯಲ್ಲಿ, ಎಂಟು ಮೀಟರಿಗೂ ಉದ್ದದ ‘ದೇವಾಲಯದ ಸುರುಳಿ’ ಸಿಕ್ಕಿತು. ಆಮೇಲೆ 1,05,000 ಡಾಲರ್ ಪರಿಹಾರ ಕೊಟ್ಟರು, ನಿಜ. ಯಾದಿನ್ ಅದರ ಮೇಲೆ ಬರೆದ ಮೂರು ಸಂಪುಟಗಳ ಅಧ್ಯಯನವೂ ಮೇರುಕೃತಿಯೇ. ಆದರೂ ಬಂದೂಕು ಹಿಡಿದವರು ಬಾಗಿಲು ತಟ್ಟಿ ತಂದ ಗ್ರಂಥ ಅದು ಎಂಬುದು ಓದುವಾಗ ಮರೆಯುವುದಿಲ್ಲ.

ಇನ್ನು ಅಗೆತ. 1955ರಿಂದ 1958ರವರೆಗೆ ಗಲಿಲಿಯ ಹಜೋರ್ ದಿಬ್ಬದಲ್ಲಿ ಯಾದಿನ್ ನಡೆಸಿದ್ದು ಆ ದೇಶ ಅಲ್ಲಿಯವರೆಗೆ ಕಾಣದಷ್ಟು ದೊಡ್ಡ ಉತ್ಖನನ. ದಿಬ್ಬವನ್ನು ವಲಯಗಳಾಗಿ ಹಂಚಿ, ಒಂದೊಂದಕ್ಕೆ ಒಬ್ಬೊಬ್ಬ ಮೇಲ್ವಿಚಾರಕರನ್ನು ನೇಮಿಸಿದರು. ಯೊಹನಾನ್ ಅಹರೋನಿ, ರೂತ್ ಅಮಿರಾನ್, ತ್ರೂದೆ ದೋತಾನ್: ಇಸ್ರೇಲಿ ಪುರಾತತ್ತ್ವದ ಮುಂದಿನ ತಲೆಮಾರೇ ಅಲ್ಲಿ ಪಳಗಿತು. ವರದಿಯ ಮೊದಲ ಸಂಪುಟ 1958ರಲ್ಲೇ ಹೊರಬಂತು. ಅಗೆದು ಮುಗಿಸಿ ಇಪ್ಪತ್ತು ವರ್ಷ ವರದಿ ಬರೆಯದವರೇ ಹೆಚ್ಚಿರುವ ವೃತ್ತಿಯಲ್ಲಿ ಇದು ಸೈನಿಕನ ಕೆಲಸ.

ಹಜೋರಿನದೇ ಒಂದು ಪ್ರಸಂಗವನ್ನು ಅವರು ಬಾಯ್ತುಂಬ ಹೇಳುತ್ತಿದ್ದರು. ಊರಬಾಗಿಲಿನ ಒಂದು ಗೋಡೆಯ ತುದಿ ಕಂಡಿತು. ಸೊಲೊಮನ್ ದೊರೆ ಹಜೋರ್, ಮೆಗಿದ್ದೊ, ಗೆಜೆರ್ ಮೂರನ್ನೂ ಕಟ್ಟಿಸಿದನೆಂದು ಬೈಬಲಿನ ಅರಸುಗಳ ಗ್ರಂಥ ಹೇಳುತ್ತದೆ. ಮೆಗಿದ್ದೊದ ಆರು ಕೋಣೆಗಳ ಬಾಗಿಲಿನ ನಕ್ಷೆ ಯಾದಿನ್‌ಗೆ ಬಾಯಿಪಾಠ. ಹಜೋರಿನಲ್ಲಿ ಇನ್ನೂ ಅಗೆಯದ ನೆಲದ ಮೇಲೆ ಅದೇ ನಕ್ಷೆಯನ್ನು ಗುರುತು ಹಾಕಿಸಿ, ಇಲ್ಲಿ ಅಗೆಯಿರಿ ಗೋಡೆ ಸಿಗುತ್ತದೆ, ಇಲ್ಲಿ ಅಗೆಯಿರಿ ಕೋಣೆ ಸಿಗುತ್ತದೆ ಎಂದರು. ಹೇಳಿದಲ್ಲೇ ಸಿಕ್ಕಿತು. ಕೂಲಿಯವರು ಇವನೇನು ಮಾಟಗಾರನೇ ಎಂಬಂತೆ ನೋಡಿದರು. ಆಮೇಲೆ ಬೈಬಲಿನ ಆ ಸಾಲನ್ನು ಓದಿ ಹೇಳಿದಾಗ ತನ್ನ ಬೆಲೆ ಇಳಿದುಹೋಯಿತು, ಗ್ರಂಥದ ಬೆಲೆ ಏರಿತು ಎಂದು ಯಾದಿನ್ ನಗುತ್ತಿದ್ದರು. ಗೆಜೆರ್‌ಗಂತೂ ಹೋಗಲೇ ಇಲ್ಲ. ಐವತ್ತು ವರ್ಷ ಹಿಂದೆ ಅಲ್ಲಿ ಅಗೆದಿದ್ದ ಮೆಕಾಲಿಸ್ಟರ್ ಎಂಬವರು ಇನ್ಯಾವುದೋ ಕಾಲದ ಕೋಟೆಮನೆ ಎಂದು ಅಚ್ಚು ಹಾಕಿದ್ದ ನಕ್ಷೆಯನ್ನು ಕೂತಲ್ಲೇ ನೋಡಿ, ಇದು ಅದೇ ಬಾಗಿಲಿನ ಅರ್ಧ ಎಂದರು. ಮುಂದೆ ಅಮೆರಿಕದವರು ಅಗೆದಾಗ ಉಳಿದರ್ಧ ಹೊರಬಂತು.

ಬೆರಗಾಗುವಂಥ ಕೆಲಸ. ಆದರೆ ಅಪಾಯವೂ ಇದೇ ಜಾಗದಲ್ಲಿದೆ. ಅರೆಬರೆ ಸುದ್ದಿ ಇಟ್ಟುಕೊಂಡು ಬೇಗ ತೀರ್ಮಾನಿಸಿ, ತೀರ್ಮಾನಿಸಿದ ಮೇಲೆ ಅಲುಗಾಡದಿರುವುದು ದಂಡನಾಯಕನಿಗೆ ಬೇಕಾದ ಗುಣ. ವಿದ್ವಾಂಸನಿಗೆ ಅದು ಅರ್ಧ ದಾರಿಯವರೆಗೆ ಮಾತ್ರ ಒಳ್ಳೆಯದು. ಮೂರು ಬಾಗಿಲುಗಳೂ ಒಂದೇ ಬಗೆಯವು ಎಂಬುದು ಸರಿ. ಮೂರನ್ನೂ ಸೊಲೊಮನನೇ ಕಟ್ಟಿಸಿದ ಎಂಬುದು ಬೇರೆ ಮಾತು. 1990ರ ದಶಕದಲ್ಲಿ ಪುರಾತತ್ತ್ವಜ್ಞ ಇಸ್ರಾಯೆಲ್ ಫಿಂಕೆಲ್‌ಸ್ಟೈನ್ ಅವು ಸೊಲೊಮನ್ ನಂತರದ ಶತಮಾನದವು ಎಂದು ವಾದಿಸಿದರು; ಜಗಳ ಇನ್ನೂ ಮುಗಿದಿಲ್ಲ. ಯೆಹೋಶುವ ಒಂದೇ ದಂಡಯಾತ್ರೆಯಲ್ಲಿ ಕಾನಾನ್ ನಾಡನ್ನು ಗೆದ್ದ ಎಂಬ ಬೈಬಲಿನ ಕಥನವನ್ನೂ ಯಾದಿನ್ ಹಜೋರಿನ ಬೂದಿಯ ಪದರದಿಂದ ಸಮರ್ಥಿಸಿದರು. ಅವರದೇ ತಂಡದ ಅಹರೋನಿ, ಜನ ಮೆಲ್ಲಮೆಲ್ಲನೆ ಬಂದು ನೆಲೆಸಿದರು ಎಂದರು. ಈ ಇಬ್ಬರ ವೈರ 1976ರಲ್ಲಿ ಅಹರೋನಿ ತೀರಿಕೊಳ್ಳುವವರೆಗೂ ನಡೆಯಿತು. ಯಾದಿನ್ ಕಣ್ಣಿಗೆ ಇತಿಹಾಸ ದಂಡಯಾತ್ರೆಯಾಗಿ ಕಾಣುತ್ತಿತ್ತು ಎಂದರೆ ತಪ್ಪಾಗದು.

1960-61ರಲ್ಲಿ ಯೂದಾಯ ಮರುಭೂಮಿಯ ಗುಹೆಗಳಿಗೆ ಸೈನ್ಯದ ನೆರವಿನಿಂದ ಹೋದರು. ಹಗ್ಗದ ಏಣಿ, ಹೆಲಿಕಾಪ್ಟರ್, ನೆಲಬಾಂಬು ಹುಡುಕುವ ಯಂತ್ರ. ಆ ಯಂತ್ರವೇ ಮಣ್ಣಿನಡಿಯ ಕಂಚಿನ ಪಾತ್ರೆಗಳನ್ನು ತೋರಿಸಿತು. ಕ್ರಿ.ಶ. 132ರಲ್ಲಿ ರೋಮನರ ವಿರುದ್ಧ ಬಂಡೆದ್ದ ಬಾರ್ ಕೋಖ್ಬಾನ ಪತ್ರಗಳು ಅಲ್ಲಿ ಸಿಕ್ಕಿದವು. ಅಲ್ಲಿಯವರೆಗೆ ದಂತಕಥೆಯಾಗಿದ್ದ ಮನುಷ್ಯ ಕೈಕೆಳಗಿನವರನ್ನು ಗದರಿಸುತ್ತ, ಹಬ್ಬಕ್ಕೆ ಸೊಪ್ಪುಹಣ್ಣು ಕಳಿಸಿ ಎನ್ನುತ್ತ ಎದುರಿಗೆ ಬಂದ. ಅವುಗಳಿಗಿಂತ ನನಗೆ ಪ್ರಿಯವಾದದ್ದು ಮರುವರ್ಷ ಅದೇ ಗುಹೆಯಲ್ಲಿ ಸಿಕ್ಕ ಬಾಬತಾ ಎಂಬ ಹೆಣ್ಣಿನ ಕಾಗದಗಳ ಕಟ್ಟು: ಖರ್ಜೂರದ ತೋಟದ ಹಕ್ಕು, ಮಗನ ಪೋಷಣೆಯ ದಾವೆ, ಸವತಿಯ ಜೊತೆ ಜಗಳ. ಯಾದಿನ್‌ಗೆ ಬಂಡಾಯದ ನಾಯಕನ ಮೇಲೆ ಒಲವು. ಇಂದಿನ ಸಂಶೋಧಕರು ಬಾಬತಾಳನ್ನು ಬಿಟ್ಟು ಏಳುವುದಿಲ್ಲ.

ಮಸಾದಾದಲ್ಲಿ ಆ ಒಲವು ಉಕ್ಕಿ ಹರಿಯಿತು. ಮೃತ ಸಮುದ್ರದ ದಂಡೆಯಲ್ಲಿ 400 ಮೀಟರ್ ಎತ್ತರಕ್ಕೆ ನಿಂತ ಬಂಡೆಬೆಟ್ಟದ ಮೇಲೆ ಹೆರೋದ ದೊರೆಯ ಕೋಟೆ. ಅಲ್ಲಿ ರೋಮನರ ಮುತ್ತಿಗೆಗೆ ಸಿಕ್ಕ 960 ಜನ ಶರಣಾಗದೆ ಒಬ್ಬರನ್ನೊಬ್ಬರು ಕೊಂದುಕೊಂಡು ಸತ್ತರೆಂದು ಮೊದಲ ಶತಮಾನದ ಯಹೂದಿ ಇತಿಹಾಸಕಾರ ಜೊಸೆಫಸ್ ಬರೆದಿದ್ದಾನೆ. 1963ರಲ್ಲಿ ಯಾದಿನ್ ಪತ್ರಿಕೆಗಳಲ್ಲಿ ಕರೆ ಕೊಟ್ಟರು: ಪ್ರಯಾಣದ ಖರ್ಚು ನಿಮ್ಮದು, ಕನಿಷ್ಠ ಎರಡು ವಾರ ಇರಬೇಕು, ಡೇರೆಯಲ್ಲಿ ಮಲಗಬೇಕು. ಹಲವು ದೇಶಗಳಿಂದ ಸಾವಿರಾರು ಜನ ಬಂದರು. ಅರಮನೆ, ಸ್ನಾನಗೃಹ, ಧಾನ್ಯದ ಕಣಜಗಳು ಹೊರಬಂದವು. ಹೆಸರು ಗೀಚಿದ ಹನ್ನೊಂದು ಬೋಕಿಚೂರುಗಳೂ ಸಿಕ್ಕವು. ಅದರಲ್ಲೊಂದು ನಾಯಕ ಬೆನ್ ಯಾಯಿರ್‌ನದು. ಕೊನೆಗೆ ಯಾರು ಯಾರನ್ನು ಕೊಲ್ಲಬೇಕೆಂದು ಎತ್ತಿದ ಚೀಟಿಗಳೇ ಇವು ಎಂದು ಯಾದಿನ್ ಸೂಚಿಸಿದರು. ಚೀಟಿ ಎತ್ತಿದವರು ಹತ್ತು ಮಂದಿ ಎಂದು ಜೊಸೆಫಸ್ ಹೇಳುತ್ತಾನೆ. ಜೊಸೆಫಸ್ ಇನ್ನೊಂದನ್ನೂ ಹೇಳಿದ್ದಾನೆ: ಮಸಾದಾದ ಈ ವೀರರು ಮೊದಲು ಪಕ್ಕದ ಏನ್ ಗೆದಿ ಊರಿಗೆ ನುಗ್ಗಿ 700ಕ್ಕೂ ಹೆಚ್ಚು ಯಹೂದಿ ಹೆಂಗಸರು ಮಕ್ಕಳನ್ನು ಕೊಂದವರು. ಹೊಸ ದೇಶಕ್ಕೆ ಬೇಕಾಗಿದ್ದ ಕಥೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಮಸಾದಾದ ಗುಹೆಯೊಂದರಲ್ಲಿ ಸಿಕ್ಕ ಅಸ್ಥಿಗಳಿಗೆ 1969ರಲ್ಲಿ ಸೇನಾ ಗೌರವದೊಂದಿಗೆ ಅಂತ್ಯಕ್ರಿಯೆ ಮಾಡಿದರು; ಅವುಗಳ ಜೊತೆ ಹಂದಿಯ ಮೂಳೆಗಳೂ ಇದ್ದವೆಂಬುದು ಆಮೇಲೆ ಹೊರಬಂತು. ಸಮಾಜಶಾಸ್ತ್ರಜ್ಞ ನಹ್ಮಾನ್ ಬೆನ್-ಯೆಹೂದಾ ಇದನ್ನೆಲ್ಲ ಬಿಡಿಸಿಟ್ಟು ಎರಡು ಪುಸ್ತಕ ಬರೆದರು. ಯಾದಿನ್ ಶಿಷ್ಯ ಅಮ್ನೋನ್ ಬೆನ್-ತೋರ್ ಗುರುವಿನ ಪರವಾಗಿ ಒಂದು ಬರೆದರು. ಮಸಾದಾ ಬಗ್ಗೆ ಯಾದಿನ್ ಜನಪ್ರಿಯ ಪುಸ್ತಕ 1966ರಲ್ಲೇ ಬಂದಿತ್ತು. ಶಾಸ್ತ್ರೀಯ ವರದಿಯ ಸಂಪುಟಗಳು ಬರತೊಡಗಿದ್ದು 1989ರಲ್ಲಿ, ಅವರು ತೀರಿಕೊಂಡ ಮೇಲೆ. ಹಜೋರಿನ ಸೈನಿಕ ಇಲ್ಲಿ ಕಥೆಗಾರನಿಗೆ ಸೋತ.

ಇಷ್ಟೆಲ್ಲ ವರ್ಷ ರಾಜಕಾರಣಿಗಳು ಅವರ ಬಾಗಿಲು ತಟ್ಟುತ್ತಲೇ ಇದ್ದರು. ಅವರು ತೆರೆಯಲಿಲ್ಲ. ತೆರೆಯದ ಬಾಗಿಲಿನ ಮೇಲೆ ಜನರ ನಿರೀಕ್ಷೆ ಬೆಳೆಯುತ್ತ ಹೋಯಿತು. 1973ರ ಯುದ್ಧದಲ್ಲಿ ಇಸ್ರೇಲ್ ಮೈಮರೆತು ಪೆಟ್ಟು ತಿಂದಾಗ ನೇಮಿಸಿದ ಅಗ್ರನಾತ್ ಆಯೋಗದಲ್ಲಿ ಯಾದಿನ್ ಸದಸ್ಯ. 1974ರ ಏಪ್ರಿಲಿನ ಮಧ್ಯಂತರ ವರದಿ ಸೇನಾ ಮುಖ್ಯಸ್ಥ ದಾವಿದ್ ಎಲಾಜರ್ ಹೋಗಬೇಕೆಂದಿತು. ರಕ್ಷಣಾ ಸಚಿವ ದಯಾನ್ ಅವರ ರಾಜಕೀಯ ಹೊಣೆಯನ್ನು ತೂಗುವುದು ತನ್ನ ಕೆಲಸವಲ್ಲ ಎಂದಿತು. ಜನ ಬೀದಿಗಿಳಿದರು, ಪ್ರಧಾನಿ ಗೋಲ್ಡಾ ಮೇಯರ್ ರಾಜೀನಾಮೆ ಕೊಟ್ಟರು. ಮುಂದಿನ ಎರಡು ಮೂರು ವರ್ಷ ಆಳುತ್ತಿದ್ದ ಲೇಬರ್ ಪಕ್ಷದ ಮೇಲೆ ಲಂಚದ ಪ್ರಕರಣಗಳು ಒಂದರ ಹಿಂದೊಂದು. ಕೈ ಶುದ್ಧವಿರುವ, ಯಾರ ಋಣದಲ್ಲೂ ಇಲ್ಲದ ಹಿರಿಯರೊಬ್ಬರು ಬೇಕೆಂದು ಜನ ಹುಡುಕುವಾಗ ಎದುರಿಗಿದ್ದದ್ದು ಯಾದಿನ್.

1976ರ ನವೆಂಬರಿನಲ್ಲಿ ಪಕ್ಷ ಹುಟ್ಟಿತು. ‘ಬದಲಾವಣೆಗಾಗಿ ಪ್ರಜಾಸತ್ತಾತ್ಮಕ ಚಳವಳಿ’ ಎಂಬ ಉದ್ದ ಹೆಸರು, ಹೀಬ್ರೂ ಮೊದಲಕ್ಷರಗಳಿಂದ ‘ದಾಶ್’. ಮಾಜಿ ಜನರಲ್‌ಗಳು, ಮೊಸಾದ್‌ನ ಮಾಜಿ ಮುಖ್ಯಸ್ಥ ಮೇಯಿರ್ ಅಮಿತ್, ಕಾನೂನು ಪ್ರಾಧ್ಯಾಪಕ ಅಮ್ನೋನ್ ರೂಬಿನ್‌ಸ್ಟೈನ್, ಬಲಪಂಥದಿಂದ ಬಂದ ವಕೀಲ ಶ್ಮುಯೆಲ್ ತಮಿರ್. ಮುಖ್ಯ ಬೇಡಿಕೆ ಚುನಾವಣಾ ಪದ್ಧತಿಯ ಬದಲಾವಣೆ. ಇಸ್ರೇಲಿನಲ್ಲಿ ನಮ್ಮ ಹಾಗೆ ಕ್ಷೇತ್ರಗಳಿಲ್ಲ. ಇಡೀ ದೇಶ ಒಂದೇ ಕ್ಷೇತ್ರ, ಮತ ಪಕ್ಷಕ್ಕೆ, ಶಾಸಕರು ಪಕ್ಷದ ಪಟ್ಟಿಯಿಂದ. ಮತದಾರನಿಗೆ ಇವರು ನನ್ನ ಪ್ರತಿನಿಧಿ ಎಂದು ಬೆರಳು ಮಾಡಿ ತೋರಿಸಲು ಯಾರೂ ಇಲ್ಲ. ಇದನ್ನು ಬದಲಿಸಿ ಕ್ಷೇತ್ರಗಳನ್ನು ತರಬೇಕೆಂದು ಯಾದಿನ್ ಹಟ.

1977ರ ಮೇ 17ರ ಫಲಿತಾಂಶ: 120 ಸ್ಥಾನಗಳಲ್ಲಿ ದಾಶ್‌ಗೆ 15. ಆರು ತಿಂಗಳ ಕೂಸಿಗೆ ಇದು ಪವಾಡವೇ. ಲೇಬರ್ ಕೂಟ 51ರಿಂದ 32ಕ್ಕೆ ಕುಸಿಯಿತು. ಆದರೆ ಬಲಪಂಥದ ನಾಯಕ ಬೆಗಿನ್ ಅವರ ಲಿಕುಡ್ 43 ಗೆದ್ದಿತ್ತು, ಧಾರ್ಮಿಕ ಪಕ್ಷಗಳು ಅವರ ಬೆನ್ನಿಗಿದ್ದವು. ಸರ್ಕಾರ ಯಾರದೇ ಆದರೂ ತನ್ನ ಕೀಲಿ ಇಲ್ಲದೆ ಬಾಗಿಲು ತೆರೆಯದು ಎಂದು ಯಾದಿನ್ ಲೆಕ್ಕ ಹಾಕಿದ್ದರು. ಬೆಗಿನ್ ಬೇರೆ ಬಾಗಿಲಿನಿಂದ ಒಳಗೆ ಹೋದರು! ಸುತ್ತುದಾರಿಯ ತಂತ್ರದ ಬಗ್ಗೆ ಜಗತ್ತಿಗೆ ಪಾಠ ಬರೆದುಕೊಟ್ಟವರು ರಾಜಕೀಯದಲ್ಲಿ ತಮ್ಮ ಷರತ್ತುಗಳನ್ನೆಲ್ಲ ಮೊದಲೇ ಸಾರಿ ಹೆದ್ದಾರಿಯಲ್ಲೇ ನಡೆದು ಬಂದರು. ಎದುರಾಳಿಗೆ ಅವರ ಬೆನ್ನ ಹಿಂದೆ ಸುತ್ತಿ ಹೋಗುವುದು ಕಷ್ಟವಾಗಲಿಲ್ಲ.

ಹಿಂದಿನ ಯಾದಿನ್ ಆಗಿದ್ದರೆ ಇಲ್ಲಿ ಎದ್ದು ಹೋಗುತ್ತಿದ್ದರು. ಈ ಸಲ ನಾಲ್ಕು ತಿಂಗಳು ಹೊರಗೆ ಕಾದು, ಅಕ್ಟೋಬರಿನಲ್ಲಿ, ಕ್ಷೇತ್ರಗಳ ಬೇಡಿಕೆ ಈಡೇರದೆಯೇ ಸರ್ಕಾರದ ಒಳಗೆ ಹೋದರು. ಉಪಪ್ರಧಾನಿ ಪಟ್ಟ ಸಿಕ್ಕಿತು. ದಾಶ್ ಇಲ್ಲದೆಯೂ ಬಹುಮತವಿದ್ದ ಸರ್ಕಾರದಲ್ಲಿ ಆ ಪಟ್ಟಕ್ಕೆ ಬೆಲೆ ಬರಲಿಲ್ಲ. ಪಕ್ಷದೊಳಗೆ ಎತ್ತು ಏರಿಗೆ, ಕೋಣ ನೀರಿಗೆ. ತಮಿರ್ ಬಲಕ್ಕೆ, ರೂಬಿನ್‌ಸ್ಟೈನ್ ಎಡಕ್ಕೆ, 1978ರಲ್ಲಿ ಒಡೆಯಿತು. ಅಗೆತದ ಶಿಬಿರದಲ್ಲೂ ಸೇನಾ ಕಚೇರಿಯಲ್ಲೂ ಯಾದಿನ್ ಮಾತಿನ ಮೇಲೆ ಮಾತಿರಲಿಲ್ಲ. ಅಲ್ಲಿ ಭಿನ್ನಮತ ಇದ್ದವನಿಗೂ ಬೆಳಿಗ್ಗೆ ಗುದ್ದಲಿ ಹಿಡಿಯುವುದು ತಪ್ಪುತ್ತಿರಲಿಲ್ಲ. ಪಕ್ಷದಲ್ಲಿ ಭಿನ್ನಮತ ಇದ್ದವನು ಮರುದಿನವೇ ಪತ್ರಕರ್ತರ ಜೊತೆ ಕೂತಿರುತ್ತಾನೆ. ಇಂಥ ಭಿನ್ನಮತೀಯರನ್ನು ಒಬ್ಬೊಬ್ಬರನ್ನಾಗಿ ಕರೆದು, ಕಾಫಿ ಕುಡಿಸಿ, ಒಬ್ಬನ ಅಹಂಕಾರಕ್ಕೆ ಖಾತೆ, ಇನ್ನೊಬ್ಬನ ಸಿಟ್ಟಿಗೆ ಸಮಿತಿ ಕೊಟ್ಟು ಹಿಡಿದಿಡುವ ವಿದ್ಯೆಯನ್ನು 60ನೇ ವಯಸ್ಸಿಗೆ ಕಲಿಯಲು ಅವರಿಗೆ ಮನಸ್ಸೂ ಇರಲಿಲ್ಲ, ಪುರಸತ್ತೂ ಇರಲಿಲ್ಲ. ಸೈನ್ಯ ಕೆಡಿಸಿತೆಂದು ನಾನು ಹೇಳುವುದಿಲ್ಲ. ಎರಡು ಕಡೆ ಆಜ್ಞೆಯಿಂದ ಗೆದ್ದ ಮೇಲೆ ಮೂರನೆಯ ಕಡೆ ಬೇಡಿಕೊಳ್ಳುವುದು ಯಾರಿಗಾದರೂ ಕಷ್ಟ.

ಏನೂ ಮಾಡಲಿಲ್ಲ ಎಂದಲ್ಲ. ಬಡವರ ಬಡಾವಣೆಗಳನ್ನು ದುರಸ್ತಿ ಮಾಡುವ ‘ನವೀಕರಣ ಯೋಜನೆ’ಯ ಹೊಣೆ ಹೊತ್ತರು, ಅದು ನಡೆಯಿತು. 1979ರಲ್ಲಿ ನಾಬ್ಲಸ್ ಬಳಿ ಪ್ಯಾಲೆಸ್ಟೀನಿಯನ್ನರ ಖಾಸಗಿ ಜಮೀನನ್ನು ವಶಪಡಿಸಿಕೊಂಡು ಎಲೋನ್ ಮೊರೆ ಎಂಬ ವಸಾಹತು ಕಟ್ಟಲು ಹೊರಟಾಗ ಸಂಪುಟದಲ್ಲಿ ವಿರೋಧಿಸಿದರು. ಸಂಪುಟ ತಳ್ಳಿಹಾಕಿತು. ಆ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೇ ಆ ವಶವನ್ನು ರದ್ದು ಮಾಡಿತು. ಮಾತು ಸರಿಯಿತ್ತು, ಬಲವಿರಲಿಲ್ಲ. ಇಷ್ಟು ಬಿಟ್ಟರೆ, ದಿಬ್ಬ ಅಗೆದು ನಗರಗಳನ್ನೇ ಎತ್ತಿದವರು ರಾಜಕೀಯದಲ್ಲಿ ಬೆಟ್ಟ ಅಗೆದು ಇಲಿ ಹಿಡಿದರು ಎನ್ನಬೇಕು. 1981ರಲ್ಲಿ ಪಕ್ಷದ ಅಳಿದುಳಿದ ಭಾಗವೂ ಕರಗಿತು. ಯಾದಿನ್ ಮತ್ತೆ ಸುರುಳಿಗಳ ಬಳಿಗೆ ಹೋದರು; 1983ರಲ್ಲಿ ‘ದೇವಾಲಯದ ಸುರುಳಿ’ಯ ಇಂಗ್ಲಿಷ್ ಆವೃತ್ತಿ ಬಂತು. 1984ರ ಜೂನ್ 28ರಂದು, 67ನೇ ವಯಸ್ಸಿನಲ್ಲಿ ತೀರಿಕೊಂಡರು.

ದಾಶ್ ಮತ ಕೇಳಿದ್ದು ಬದಲಾವಣೆಗೆ. ಬದಲಾವಣೆಯಂತೂ ಆಯಿತು: ದೇಶ ಹುಟ್ಟಿದಾಗಿನಿಂದ 29 ವರ್ಷ ನಡೆದ ಲೇಬರ್ ಆಳ್ವಿಕೆ ಯಾದಿನ್ ಕಿತ್ತ ಮತಗಳಿಂದಾಗಿ ಮುಗಿಯಿತು, ಅಧಿಕಾರ ಬಲಪಂಥಕ್ಕೆ ಹೋಯಿತು. ಅವರು ಕೇಳಿದ್ದ ಬದಲಾವಣೆ ಮಾತ್ರ ಬರಲಿಲ್ಲ. ಪ್ರಧಾನಿಯನ್ನು ಜನರೇ ನೇರವಾಗಿ ಆರಿಸುವ ಪ್ರಯೋಗವನ್ನು 1996ರಿಂದ ಕೆಲವು ಸಲ ಮಾಡಿ ಕೈಬಿಟ್ಟರು. ಸಂಸತ್ತಿಗೆ ಬರಲು ಪಕ್ಷವೊಂದಕ್ಕೆ ಬೇಕಾದ ಕನಿಷ್ಠ ಮತ ಆಗ ಶೇಕಡಾ 1 ಇತ್ತು, 2014ರಲ್ಲಿ 3.25 ಆಯಿತು. ಕ್ಷೇತ್ರಗಳು ಇಂದಿಗೂ ಇಲ್ಲ. ಈಗಲೂ ಇಡೀ ದೇಶ ಒಂದೇ ಕ್ಷೇತ್ರ, ಮತ ಪಟ್ಟಿಗೆ.